ಕಂಕಣ ಕಟ್ಟಿಸಿಕೊಂಡ ಕಂಪ್ಯೂಟರ್

ನನ್ನ ಹೆಂಡತಿ ಜಾನಕಿಗೆ ವಿಜ್ಞಾನದಲ್ಲಿ ಶ್ರದ್ಧೆಯಿಲ್ಲ. ಹಾರುವಾಗ ವಿಮಾನದ ಯಾವ ಭಾಗ ಎಷ್ಟು ನಡುಗಬಹುದೆಂದು ಲೆಕ್ಕ ಹಾಕುವುದು ನನ್ನ ಉದ್ಯೋಗ. ಪರದೇಶದ ಈ ವಿಮಾನ ಕಾರ್ಖಾನೆಯಲ್ಲಿ ನಾನು ಕಂಪನಗಳ ಸಾರ್ವಭೌಮ (ನನ್ನ ಮೇಲೆ ಹನ್ನೊಂದು ಜನ ಅಧಿಕಾರಿಗಳಿದ್ದಾರೆ, ಅದು ಬೇರೆ ವಿಷಯ). ಅಂಥವನು ೨೦೦೪ರ ಚಳಿಗಾಲವಿಡೀ ಗ್ಯಾರೇಜಿನಲ್ಲಿ ಕೂತು, ಊಟದ ಡಬ್ಬಿಯಷ್ಟಿರುವ ಕಂಪ್ಯೂಟರೊಂದನ್ನು ವ್ಯಾನಿನ ಸೀಟಿನಡಿ ಪ್ರತಿಷ್ಠಾಪಿಸಿ, ಅದು ಬಾಯಿಬಿಟ್ಟು ದಾರಿ ಹೇಳುವಂತೆ ಮಾಡಿದರೆ, ಆಕೆ ಕೇಳಿದ್ದು ಇಷ್ಟೇ: "ಇದು ಅಂಗಡೀಲಿ ಸಿಗಲ್ವೇನ್ರೀ?"

ಒಂದೇ ಒಂದು ಕುಂದು. ರಸ್ತೆಯಲ್ಲಿ ಸಣ್ಣ ಉಬ್ಬು ಬಂದರೂ ಕರೆಂಟಿನ ಕೇಬಲ್ ಸಡಿಲಗೊಂಡು ಯಂತ್ರ ಪ್ರಾಣ ಬಿಡುತ್ತಿತ್ತು. ಟೇಪು ಸುತ್ತಿದೆ, ರಬ್ಬರ್ ಬ್ಯಾಂಡು ಹಾಕಿದೆ, ಜಾನಕಿಯ ಹೇರ್‌ಪಿನ್ನನ್ನೂ ಸಿಕ್ಕಿಸಿದೆ. ವಿಮಾನವನ್ನೇ ಹದ್ದುಬಸ್ತಿನಲ್ಲಿಟ್ಟ ನನಗೆ ಒಂದು ಕೇಬಲ್ ಬಗ್ಗಲಿಲ್ಲ.

ಇಂಥ ವ್ಯಾನಿನಲ್ಲಿ ಪುರೋಹಿತ ದ್ವಾರಕಾನಾಥ ಭಟ್ಟರನ್ನು ಕರೆದೊಯ್ಯುವ ಭಾರವನ್ನು ನಾನೇ ಮೇಲೆ ಬಿದ್ದು ಹೊತ್ತೆ. ಹಡಗಿನಲ್ಲಿ ಇಪ್ಪತ್ತು ನಿಮಿಷ ದೂರದ ದ್ವೀಪದಲ್ಲಿ ಸ್ನೇಹಿತ ಅಶ್ವತ್ಥ ಮನೆ ಕಟ್ಟಿಸಿದ್ದ. ಶನಿವಾರ ಒಂಬತ್ತು ನಲವತ್ತಕ್ಕೆ ಗೃಹಪ್ರವೇಶ. ಮುಕಿಲ್ಟಿಯೊ ಬಂದರಿನಲ್ಲಿ, ಗಾಡಿಗಳನ್ನೂ ಹೊತ್ತು ದಾಟಿಸುವ ಒಂಬತ್ತರ ಫೆರಿ ಹಿಡಿದರೆ ಸರಿ; ತಪ್ಪಿದರೆ ಮುಂದಿನ ಮುಹೂರ್ತ ಎರಡು ತಿಂಗಳಾಚೆ, ಅಲ್ಲಿಯವರೆಗೆ ಹಾಲು ಉಕ್ಕದ ಮನೆಗೆ ಅವನು ಕಾಲಿಡುವ ಹಾಗಿಲ್ಲ.

ಬಾಥೆಲ್ ಊರಿನ ದೇವಸ್ಥಾನದ ಮುಂದೆ ಭಟ್ಟರು ಹತ್ತಿದರು.

"ದಾರಿ ಗೊತ್ತು ತಾನೇ?" ಜಾನಕಿ ಕೇಳಿದಳು.

"ನನಗ್ಯಾಕೆ ಗೊತ್ತಿರ್ಬೇಕು? ಅದಕ್ಕೆ ಗೊತ್ತು," ಎಂದೆ.

ಮೂರು ಮೈಲಿಯಲ್ಲಿ ಅದು ನಾಲ್ಕು ಸಲ ಸತ್ತಿತು. ಐದನೆಯ ಸಲಕ್ಕೆ ಜಾನಕಿ ರೇಷ್ಮೆ ಸೀರೆಯಲ್ಲೇ ಬಗ್ಗಿ ಕೇಬಲನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದಳು.

"ಇವರನ್ನ ಕಟ್ಕೊಂಡು ಇಪ್ಪತ್ತು ವರ್ಷ ಆಯ್ತು ಭಟ್ರೇ. ಇನ್ನೂ ಏನೇನು ಹಿಡ್ಕೊಂಡು ಕೂರ್ಬೇಕೋ."

"ಒಂದ್ನಿಮಿಷ ಗಾಡಿ ನಿಲ್ಸಿ, ಸ್ವಾಮಿ," ಎಂದ ಭಟ್ಟರು ಚೀಲದಿಂದ ಅರಿಶಿನದ ದಾರ ತೆಗೆದರು. ಕೇಬಲನ್ನೂ ಡಬ್ಬಿಯನ್ನೂ ಸೇರಿಸಿ ಬಿಗಿಯಾಗಿ ಸುತ್ತಿ ಗಂಟು ಹಾಕಿದರು. ಕೈಗೆ ದಾರ ಬಂದರೆ ಬಾಯಿಗೆ ಮಂತ್ರ ಬರುವುದು ಅವರ ಅಭ್ಯಾಸ. ಕಂಕಣಧಾರಣೆ ಸಾಂಗವಾಗಿ ಮುಗಿಯಿತು.

ಆಮೇಲೆ ಕೇಬಲ್ ಅಲ್ಲಾಡಲಿಲ್ಲ. ಇದರ ಹಿಂದಿನ ಭೌತಶಾಸ್ತ್ರವನ್ನು ನಾನು ಎರಡು ಮೈಲಿ ವಿವರಿಸಿದೆ. ಯಾರೂ ಕೇಳಲಿಲ್ಲ. ಯಂತ್ರ ಹೇಳಿದಲ್ಲೆಲ್ಲ ತಿರುಗಿದೆ. ತಿರುವುಗಳೆಲ್ಲ ಬಹಳ ಪರಿಚಿತವೆನಿಸಿದವು; ಅದು ಯಂತ್ರದ ನಿಖರತೆ ಎಂದುಕೊಂಡೆ.

"ನೀವು ತಲುಪಿದ್ದೀರಿ," ಎಂದಿತು ಯಂತ್ರ, ಇಂಗ್ಲಿಷಿನ ಹೆಣ್ಣುದನಿಯಲ್ಲಿ.

ಎದುರಿಗಿದ್ದದ್ದು ನನ್ನ ಕಾರ್ಖಾನೆಯ ಗೇಟು. ಕಾವಲುಗಾರ ನನ್ನನ್ನು ಗುರುತಿಸಿ, ಶನಿವಾರವೂ ಬಂದಿರಾ ಎಂದು ಮೆಚ್ಚಿಕೊಂಡ. ಹಿಂದೆ ಕಲಶ ಹಿಡಿದು ಕೂತಿದ್ದ ಭಟ್ಟರ ಗುರುತಿನ ಚೀಟಿ ಕೇಳಿದ.

ಆಗಬೇಕಾದ್ದು ಆಗಿತ್ತು. ಚಳಿಗಾಲವಿಡೀ ಪ್ರಯೋಗಕ್ಕೆಂದು ಆಫೀಸಿನ ವಿಳಾಸವನ್ನೇ ಕೊಟ್ಟಿದ್ದೆ, ಬದಲಿಸಲು ಮರೆತಿದ್ದೆ. ಕೇಬಲ್ ಸಡಿಲವಿದ್ದಷ್ಟು ದಿನ ಯಂತ್ರ ಈ ತಪ್ಪು ಬಯಲಾಗುವಷ್ಟು ಹೊತ್ತು ಬದುಕಿರಲೇ ಇಲ್ಲ. ಈಗ ಗಂಟೆ ಎಂಟು ನಲವತ್ತಾರು. ಹೊಸ ವಿಳಾಸ ಕೊಡಲು ಕೀಬೋರ್ಡು ಬೇಕು, ಕೀಬೋರ್ಡು ಮನೆಯಲ್ಲಿತ್ತು. ಬಾಯಾದರೂ ಮುಚ್ಚಿಸೋಣವೆಂದು ಕೇಬಲಿಗೆ ಕೈ ಹಾಕಿದೆ.

"ಮುಟ್ಬೇಡಿ," ಎಂದರು ಭಟ್ಟರು. "ಮಂತ್ರ ಹೇಳಿ ಕಟ್ಟಿದ ಕಂಕಣ. ಪೂಜೆ ಮುಗಿದ್ಮೇಲೆ ನಾನೇ ಬಿಚ್ತೀನಿ."

"ಇಳೀರಿ," ಎಂದಳು ಜಾನಕಿ.

ಸ್ಟಿಯರಿಂಗು ಅವಳ ಕೈಗೆ ಹೋಯಿತು. ನಾನು ಹಿಂದಿನ ಸೀಟಿನಲ್ಲಿ ತೆಂಗಿನಕಾಯಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವಳು ರಸ್ತೆಬದಿಯ ಬೋರ್ಡು ಓದಿಕೊಂಡು ಓಡಿಸಿದಳು (ಇಷ್ಟು ಹಳೆಯ ತಂತ್ರಜ್ಞಾನ ಇನ್ನೂ ಬಳಕೆಯಲ್ಲಿದೆ). ಪ್ರತಿ ತಿರುವಿನಲ್ಲೂ ಯಂತ್ರ "ಹಿಂದಕ್ಕೆ ತಿರುಗಿ" ಎನ್ನುತ್ತಿತ್ತು.

ಫೆರಿಗೆ ಹತ್ತಿದ ಕೊನೆಯ ಗಾಡಿ ನಮ್ಮದು. ಹಡಗಿಗೆ ಹಾಸಿದ್ದ ಕಬ್ಬಿಣದ ಸೇತುವೆಯ ಮೇಲೆ ವ್ಯಾನು ದಡದಡ ಕುಲುಕಿತು, ನನ್ನ ಹಲ್ಲುಗಳೂ ಕುಲುಕಿದವು. ಕೇಬಲ್ ಮಾತ್ರ ಕದಲಲಿಲ್ಲ.

"ಸಾಧ್ಯವಾದಷ್ಟು ಬೇಗ ಹಿಂದಕ್ಕೆ ತಿರುಗಿ," ಎಂದಿತು ಯಂತ್ರ.

ಜಾನಕಿ ಕನ್ನಡಿಯಲ್ಲಿ ನನ್ನನ್ನು ನೋಡಿದಳು. "ಕೇಳಿಸ್ತಲ್ಲ? ಕಾಯಿ ಚೀಲ ಅಲ್ಲೇ ಇಟ್ಟು, ನೀವು ಇಳಿದು ಹೋಗಿ. ನಾವು ಗೃಹಪ್ರವೇಶ ಮುಗಿಸ್ಕೊಂಡು ಬರ್ತೀವಿ."