ಮಾವನ ಇಂಟರ್ನೆಟ್ ಚೌಕಾಬಾರ

ನನ್ನ ಸೋದರಮಾವನಿಗೆ ಸುಳ್ಳು ಹೇಳಲು ಬರುವುದಿಲ್ಲ. ತೊಂದರೆ ಏನೆಂದರೆ, ಅವರು ನಿಜ ಹೇಳಿದರೆ ಯಾರೂ ನಂಬುವುದಿಲ್ಲ!

ಮಾವ ದೆಹಲಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಸೆಕ್ಷನ್ ಆಫೀಸರ್. ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ವಾಸ. ಎರಡು ಸಾವಿರದ ಆರೋ ಏಳೋ ಇರಬೇಕು, ಮನೆಗೆ ಇಂಟರ್ನೆಟ್ ಬಂತು. ಎಲ್ಲರ ಮನೆಗೂ ಬಂದಿತ್ತು. ಮಾವನಿಗೆ ಮಾತ್ರ ಅದು ತಲೆಗೇರಿತು. ಯುಗಾದಿ ಊಟಕ್ಕೆ ಸೇರಿದ್ದ ಕನ್ನಡದವರ ಮುಂದೆ ನಿಂತು, ‘ಕಂಪ್ಯೂಟರಿನಲ್ಲಿ ಚೌಕಾಬಾರ ಮಾಡ್ತೀನಿ. ಇಲ್ಲಿ ನಾವು ಕವಡೆ ಹಾಕಿದ್ರೆ ಊರಲ್ಲಿ ಅವರಿಗೆ ಕಾಣಬೇಕು. ಎಲ್ಲರೂ ಕೈಲಾದಷ್ಟು ಕೊಡಿ’ ಎಂದರು. ಹೋಳಿಗೆ ತಿಂದ ಹೊಟ್ಟೆಗೆ ಔದಾರ್ಯ ಜಾಸ್ತಿ. ಎಲ್ಲರೂ ಕೊಟ್ಟರು. ಆಗತಾನೆ ಗುಡಗಾಂವಿನಲ್ಲಿ ಕೆಲಸಕ್ಕೆ ಸೇರಿದ್ದ ನಾನೂ ಕೊಟ್ಟೆ.

ಮೊದಲ ವರ್ಷ ಕೇಳಿದವರಿಗೆಲ್ಲ ಮಾವ ‘ಕೆಲಸ ನಡೀತಿದೆ’ ಎಂದರು. ಎರಡನೆಯ ವರ್ಷವೂ ಅದೇ. ಸರ್ಕಾರಿ ನೌಕರನ ಬಾಯಲ್ಲಿ ಆ ಮಾತಿಗೆ ಏನರ್ಥವೆಂದು ದೆಹಲಿಯವರಿಗೆ ಬಿಡಿಸಿ ಹೇಳಬೇಕೆ? ಮದುವೆಯಲ್ಲಿ, ತರಕಾರಿ ಗಾಡಿಯ ಮುಂದೆ, ಎಲ್ಲಿ ಸಿಕ್ಕರೂ ಜನ ಮೊದಲು ಆಟ ವಿಚಾರಿಸಿ ಆಮೇಲೆ ಆರೋಗ್ಯ ವಿಚಾರಿಸುತ್ತಿದ್ದರು. ಕೊನೆಗೆ ಮಾವನ ಮಗಳೇ, ‘ಪಪ್ಪಾ, ಸಚ್ ಹೇಳಿ. ಗೇಮ್ ಬನ್ ರಹಾ ಹೈ ಯಾ ನಹೀ, ಆಗ್ತಿದ್ಯಾ ಇಲ್ವಾ?’ ಎಂದು ಕೇಳಿದಳು.

‘ಅಚ್ಛಾ, ನೀನೂ ಶುರು ಮಾಡಿದ್ಯಾ?’ ಎಂದು ಮಾವ ಶೂ ಹಾಕಿಕೊಂಡು ಹೊರಟೇಹೋದರು.

ಚಂದಾ ಕೊಟ್ಟವರ ಪರವಾಗಿ ಮೂವರು ಹಿರಿಯರು ತಪಾಸಣೆಗೆ ಬಂದರು. ಮುಂದಾಳು ಕೊಡಗಿನ ಒಬ್ಬ ನಿವೃತ್ತ ಸುಬೇದಾರರು. ಮಾವ ಕಂಪ್ಯೂಟರ್ ಹಾಕಿದರು. ಪರದೆಯ ಮೇಲೆ ಒಂದೇ ಒಂದು ಕವಡೆ ಉರುಳಿ ಬೋರಲು ಬಿತ್ತು. ಮತ್ತೆ ಒತ್ತಿದರು. ಮತ್ತೆ ಬೋರಲು.

‘ಮಿಕ್ಕ ಮೂರು ಕವಡೆ?’ ಸುಬೇದಾರರು ಕೇಳಿದರು.

‘ಬರ್ತವೆ ಸಾರ್.’

‘ಇದು ಅಂಗಾತ ಬೀಳೋದೇ ಇಲ್ವಾ?’

‘ಕಲೀತಾ ಇದೆ ಸಾರ್.’

ತಂಡ ಕಾಫಿ ಕುಡಿದು ಎದ್ದಿತು. ಆಟ ಎಂದೋ ನಿಂತುಹೋಗಿದೆ ಎಂದು ಮಾರನೆಯ ದಿನ ಇಡೀ ಕಾಲೊನಿಗೆ ಖಾತ್ರಿಯಾಯಿತು.

ನನಗೂ ಅನುಮಾನವೇ. ಅಷ್ಟರಲ್ಲಿ ಅತ್ತೆ, ‘ವಾರಕ್ಕೆ ಮೂರು ಸಂಜೆ ಲಕ್ಷ್ಮೀ ನಗರಕ್ಕೆ ಹೋಗ್ತಾರೆ. ಯಾಕೆ ಅಂದ್ರೆ ಹೇಳಲ್ಲ. ನೀನೇ ಸ್ವಲ್ಪ ನೋಡ್ಕೊಂಡು ಬಾ’ ಎಂದರು. ಹಿಂಬಾಲಿಸಿದೆ. ಇಕ್ಕಟ್ಟಿನ ಮೆಟ್ಟಿಲು ಹತ್ತಿ ಒಂದು ಕಂಪ್ಯೂಟರ್ ಕೋಚಿಂಗ್ ಸೆಂಟರಿನ ಬಾಗಿಲಲ್ಲಿ ಇಣುಕಿದರೆ, ಇಪ್ಪತ್ತರ ಹುಡುಗ ಹುಡುಗಿಯರ ನಡುವೆ ಮೊದಲ ಬೆಂಚಿನಲ್ಲಿ ಐವತ್ತನಾಲ್ಕರ ಮಾವ! ಅವರ ಅರ್ಧ ವಯಸ್ಸಿನ ಮೇಷ್ಟ್ರು, ‘ಅಂಕಲ್‌ಜಿ, ಸಮಝ್ ಗಯೇ?’ ಎಂದು ಕೇಳಿದರು.

‘ನಹೀ ಸರ್. ಫಿರ್ ಸೆ’ ಎಂದು ಮತ್ತೊಮ್ಮೆ ಹೇಳಿಕೊಡಲು ಕೇಳಿದರು ಮಾವ, ಒಂದಿಷ್ಟೂ ನಾಚದೆ.

ಕೆಳಗೆ ಟೀ ಅಂಗಡಿಯಲ್ಲಿ ನಿಜ ಹೊರಬಿತ್ತು. ಆಟ ಬರೆದುಕೊಡುತ್ತೇನೆಂದಿದ್ದ ಕಂಪ್ಯೂಟರಿನವನು ಮೊದಲ ವರ್ಷವೇ ಮುಂಗಡದೊಂದಿಗೆ ನಾಪತ್ತೆಯಾಗಿದ್ದನಂತೆ. ಹಾಗಾಗಿ ಮಾವ ಪ್ರೋಗ್ರಾಂ ಬರೆಯುವುದನ್ನು ತಾವೇ ಕಲಿಯುತ್ತಿದ್ದರು.

‘ಎಲ್ಲರಿಗೂ ಹೇಳಿಬಿಡಬಹುದಿತ್ತಲ್ಲ ಮಾವ?’

‘ಹೇಳಿದ್ರೆ ಪಾಪ ಅಂತ ಬಿಟ್ಟುಬಿಡೋರು. ಬೈತಾ ಇದ್ರೆ ಮಾಡಲೇಬೇಕಾಗತ್ತೆ.’

ಅಂದಿನಿಂದ ಯಾರು ಕೇಳಿದರೂ ನಾನೇ ಎದೆಯುಬ್ಬಿಸಿ ‘ಕೆಲಸ ನಡೀತಿದೆ’ ಎನ್ನತೊಡಗಿದೆ. ಪರಿಣಾಮ? ನನ್ನನ್ನೂ ಯಾರೂ ನಂಬಲಿಲ್ಲ.

ಮುಂದಿನ ದಸರಾ ಹೊತ್ತಿಗೆ ನಾಲ್ಕೂ ಕವಡೆ ಬಂದವು. ಅಂಗಾತ ಬೀಳುವುದನ್ನೂ ಕಲಿತಿದ್ದವು. ಒಂದು ಭಾನುವಾರ ಬೆಳಿಗ್ಗೆ ಮನೆ ತುಂಬ ಜನ. ಈ ಕಡೆ ಮಾವ. ಆ ಕಡೆ ದಾವಣಗೆರೆಯಲ್ಲಿ ನಮ್ಮಣ್ಣನ ಮನೆಯ ಕಂಪ್ಯೂಟರಿನ ಮುಂದೆ ನನ್ನಮ್ಮ, ಅಂದರೆ ಮಾವನ ಅಕ್ಕ. ಅಮ್ಮ ಮಾವನ ಕಾಯಿಗಳನ್ನು ಒಂದೊಂದಾಗಿ ಕಡಿದಳು. ತಾವು ಕಟ್ಟಿದ ಆಟದಲ್ಲಿ ತಾವೇ ಸೋಲುತ್ತಿದ್ದ ಮಾವನಿಗೆ ಸುಬೇದಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಅವರಿಗಿಂತ ಜೋರಾಗಿ ತಟ್ಟಿದೆ.

ಅಮ್ಮನ ಕೊನೆಯ ಕಾಯಿ ನಡುಮನೆ ಸೇರಿ ಹಣ್ಣಾಗಲು ಒಂದೇ ಮನೆ ಬಾಕಿ. ಕವಡೆಯಲ್ಲಿ ಬೇಕಾದ ಒಂದೂ ಬಿತ್ತು. ಕಾಯಿ ಮಾತ್ರ ಅಲುಗಲಿಲ್ಲ. ಐದು ನಿಮಿಷ ಕಳೆಯಿತು. ‘ಕೆಟ್ಟುಹೋಯ್ತು’ ಎಂದು ಯಾರೋ ಗೊಣಗಿದರು. ಮಾವ ಗಾಬರಿಯಿಂದ ಫೋನ್ ಮಾಡಿ ಸ್ಪೀಕರ್ ಒತ್ತಿದರು.

‘ಅಕ್ಕ, ಕಾಯಿ ನಡೆಸೋಕೆ ಆಗ್ತಿಲ್ವಾ?’

‘ಆಗತ್ತೆ ಕಣೋ. ನಲವತ್ತು ವರ್ಷ ಆದ್ಮೇಲೆ ಮತ್ತೆ ನಿನ್ನ ಜೊತೆ ಆಡ್ತಿದೀನಿ. ನಡೆಸಿದ್ರೆ ಮುಗಿದುಹೋಗತ್ತಲ್ಲ.’

ಮಾವ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

‘ಹಾಗಾದ್ರೆ ನಾಳೆ ನಡೆಸಕ್ಕ’ ಎಂದರು.