ಬ್ಲ್ಯಾಕ್‌ಟೌನಿನ ಗೊಂಜಾಗಾ

ನಮ್ಮ ಭಾವ ವಾಸವಾಗಿದ್ದದ್ದು ನಾನೂರು ವರ್ಷ ಹಿಂದಿನ ಇಟಲಿಯಲ್ಲಿ. ಟಪಾಲು ಮಾತ್ರ ಸಿಡ್ನಿಯ ಬ್ಲ್ಯಾಕ್‌ಟೌನಿಗೆ ಬರುತ್ತಿತ್ತು! ಮೈಸೂರು ಅರಮನೆಯ ಪಕ್ಕದಲ್ಲೇ ಬೆಳೆದ ಮನುಷ್ಯ. ಒಡೆಯರ ವಂಶಾವಳಿ ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದರು. ಮಾಂಟುವಾ ಎಂಬ ಊರನ್ನು ಆಳಿದ ಗೊಂಜಾಗಾ ಮನೆತನದ್ದು ಕೇಳಿ, ಅಜ್ಜ ಮುತ್ತಜ್ಜರೆಲ್ಲ ಸಾಲಾಗಿ ಬಾಯಿಗೆ ಬರುತ್ತಿದ್ದರು. ಹಳೆ ಪುಸ್ತಕದಂಗಡಿಯಲ್ಲಿ ಕೊಂಡ ಒಂದು ದಪ್ಪ ಪುಸ್ತಕವೇ ಇದಕ್ಕೆಲ್ಲ ಮೂಲವೆಂದು ಅಕ್ಕ ಶಪಿಸುತ್ತಿದ್ದಳು.

ಕೂತು ಹೇಳಿದ್ದರೆ ಕೇಳಬಹುದಿತ್ತು. ಭಾವ ಕೂರುವವರೇ? ದೋಸೆಯನ್ನು ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಗರಾಜಿಗೆ, ಗರಾಜಿನಿಂದ ಹಿತ್ತಲಿಗೆ! ಕೇಳುವವರೂ ಹಿಂದೆ ಹಿಂದೆ ನಡೆಯಬೇಕು. ಮಾಂಟುವಾದ ಮೂರು ಕಡೆ ಸರೋವರವಂತೆ. ಒಮ್ಮೆ ನಾನು ಹೋಗಿದ್ದಾಗ ಅದನ್ನು ತೋರಿಸಲೆಂದು ಹಿತ್ತಲಿನ ನಲ್ಲಿ ತಿರುಗಿಸಿದವರು, ಇನ್ನೇನೋ ನೆನಪಾಗಿ ಕಾರು ಹತ್ತಿ ಹೋದರು. ನಾನೂ ಅಕ್ಕನೂ ಒಳಗೆ ಹರಟುತ್ತಿದ್ದಾಗ ನೀರು ಬಟ್ಟೆ ಒಗೆಯುವ ಲಾಂಡ್ರಿ ಕೋಣೆಗೆ ನುಗ್ಗಿತು.

"ನಿಮ್ಮ ಸರೋವರ ನನ್ನ ಅಕ್ಕಿ ಮೂಟೆ ತನಕ ಬಂದಿದೆ ಕಣ್ರೀ!" ಎಂದಳು ಅಕ್ಕ, ಅವರು ಮರಳಿದಾಗ.

"ನೋಡಿದ್ಯಾ? ಶತ್ರು ಒಳಗೆ ಬರೋದು ಎಷ್ಟು ಕಷ್ಟ!"

"ಯಜಮಾನರು ಬರೋದೂ ಕಷ್ಟಾನೇ. ಮಾಪ್ ಹಿಡ್ಕೊಂಡು ಬನ್ನಿ."

ಕೆಲಸದಲ್ಲಾದರೂ ನಿಂತರೇ? ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ಆರು ತಿಂಗಳು, ಆಮೇಲೆ ಮೆಲ್ಬರ್ನ್, ಮತ್ತೆ ಸಿಡ್ನಿ. ಎಲ್ಲವೂ ಕಂಪ್ಯೂಟರ್ ಕಾಂಟ್ರಾಕ್ಟ್. ಇಷ್ಟು ಕೆಲಸ ಬದಲಿಸಿದ್ದೇಕೆಂದು ಇಂಟರ್‌ವ್ಯೂನಲ್ಲಿ ಕೇಳಿದರೆ, ಬಾಡಿಗೆ ದಂಡನಾಯಕರಾಗಿದ್ದ ಗೊಂಜಾಗಾಗಳು ಒಮ್ಮೆ ವೆನಿಸ್ ಪರ, ಒಮ್ಮೆ ಮಿಲಾನ್ ಪರ ಕಾದಾಡಿದ ಕಥೆ ಹೇಳಿದರಂತೆ!

"ಕೆಲಸ ಕೊಟ್ರಾ ಭಾವ?"

"ಮ್ಯಾನೇಜರನ ಅಜ್ಜಿ ಇಟಲಿಯವಳಂತೆ. ಒಳ್ಳೇ ಕಾಫಿ ಕೊಟ್ಟ."

ಮೆಲ್ಬರ್ನ್ ಕಾಂಟ್ರಾಕ್ಟ್ ಇದ್ದಾಗ ಅಲ್ಲಿನ ಕ್ರಾನ್‌ಬರ್ನ್‌ನ ನಮ್ಮ ಮನೆಯಲ್ಲೇ ಬಿಡಾರ. ನನ್ನ ಮಗಳು ಅವರ ಹಿಂದೆ ಹಿಂದೆ ಓಡಾಡುತ್ತಾ ಕಥೆ ಕೇಳುತ್ತಿದ್ದಳು. ಆದರೆ ಕಥೆ ಪ್ರತಿಸಲವೂ ಒಂದೇ ಜಾಗದಲ್ಲಿ ನಿಂತುಬಿಡುತ್ತಿತ್ತು: ಮಕ್ಕಳಿಲ್ಲದ ಡ್ಯೂಕ್ ಒಬ್ಬ ಹಾಸಿಗೆ ಹಿಡಿದಿದ್ದಾನೆ.

"ದೆನ್ ವಾಟ್, ದೊಡ್ಡಪ್ಪಾ?"

ಭಾವ ಕಾರಿನ ಕೀ ಹುಡುಕತೊಡಗುತ್ತಿದ್ದರು. ಅಕ್ಕ-ಭಾವನಿಗೆ ಮಕ್ಕಳಿರಲಿಲ್ಲ. ಆ ಮಾತನ್ನು ನಾವ್ಯಾರೂ ಎತ್ತುತ್ತಿರಲಿಲ್ಲ. ಅಕ್ಕ ಒಮ್ಮೆ ಮಾತ್ರ ಫೋನಿನಲ್ಲಿ, "ಖಾಲಿ ಮನೇಲಿ ಅವರಿಗೆ ನಿಲ್ಲೋಕಾಗಲ್ಲ. ನಾನು ಎಲ್ಲಿಗೆ ಹೋಗ್ಲಿ ಹೇಳು?" ಎಂದಿದ್ದಳು.

ಮಗಳಿಗೆ ಸಿಡ್ನಿಯಲ್ಲಿ ಯೂನಿವರ್ಸಿಟಿ ಸೀಟು ಸಿಕ್ಕಿತು. ಹಾಸ್ಟೆಲ್ ನೋಡೋಣವೆಂದು ಹೊರಟು ಮೊದಲು ಬ್ಲ್ಯಾಕ್‌ಟೌನಿಗೆ ಹೋದೆವು. ಯಾರೂ ಕಾಲಿಡಬಾರದಾಗಿದ್ದ ಭಾವನ ಇಟಲಿ ನಕ್ಷೆಗಳ ಕೋಣೆ ಬರಿದಾಗಿತ್ತು! ಇಟಲಿಯೆಲ್ಲ ಗರಾಜಿಗೆ ಗಡಿಪಾರಾಗಿ, ಆ ಜಾಗದಲ್ಲಿ ಹೊಸ ಮಂಚ, ಮೇಜು, ದೀಪ. ಮಗಳು ಮಂಚದ ಮೇಲೆ ಕೂತು ಕೇಳಿಯೇಬಿಟ್ಟಳು: "ಸೋ, ದೆನ್ ವಾಟ್?"

ಭಾವ ಕುರ್ಚಿ ಎಳೆದು ಕೂತರು. ಹೌದು, ಕೂತರು!

"ಆಮೇಲೆ ದೂರದ ಫ್ರಾನ್ಸಿಂದ ಅದೇ ಮನೆತನದ ಇನ್ನೊಂದು ಕವಲಿನವನು ಬಂದ, ಪುಟ್ಟಿ. ಊರು ಅವನದಾಯ್ತು."

"ನೋ ವಾರ್?"

"ಇಲ್ಲಮ್ಮ. ಸುಮ್ನೆ ಬಂದ, ಊಟ ಮಾಡ್ದ, ಇದ್ದುಬಿಟ್ಟ."

ಶುದ್ಧ ಸುಳ್ಳು! ಆ ಗದ್ದುಗೆಗಾಗಿ ಯುದ್ಧವಾಗಿ, ಮಾಂಟುವಾ ಲೂಟಿಯಾಗಿತ್ತು. ಆ ದಪ್ಪ ಪುಸ್ತಕವನ್ನು ಅಕ್ಕನೂ ಓದಿದ್ದಳು, ನಾನೂ ಓದಿದ್ದೆ. ಇಬ್ಬರೂ ಬಾಯಿ ಬಿಡಲಿಲ್ಲ. ಆ ಸುಳ್ಳಿಗಾಗಿ ಭಾವನ ಮೇಲೆ ನನಗೆ ಉಕ್ಕಿದ ಪ್ರೀತಿ ಅಷ್ಟಿಷ್ಟಲ್ಲ.

"ಸೋಮವಾರ ಮೆಲ್ಬರ್ನಿಗೆ ಹೊರಡ್ಬೇಕಲ್ಲ, ಬಟ್ಟೆ ಇಸ್ತ್ರಿ ಮಾಡ್ಲಾ?" ಅಕ್ಕ ಬಾಗಿಲಿಂದಲೇ ಕೇಳಿದಳು.

"ಕಾಂಟ್ರಾಕ್ಟ್ ಬೇಡ ಅಂದ್ಬಿಟ್ಟೆ ಕಣೇ," ಎಂದರು ಭಾವ, ಎದ್ದೇಳದೆ. "ಮಗು ಮನೇಲಿರೋವಾಗ ಊರೂರು ಸುತ್ತೋಕಾಗುತ್ತಾ?"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ನಾಲ್ಕು ತಟ್ಟೆ ಹಾಕಲು ಒಳಗೆ ಹೋದಳು.