ಬಾಯಿ ಮುಚ್ಚಿ ಹಾಡುವ ಉಪಾಯ

ನನ್ನ ಹೆಂಡತಿ ಹಾಡುಗಾರರ ತಂಡ ಕಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ಅದರ ಅಭ್ಯಾಸ ಭಾನುವಾರ ಮಧ್ಯಾಹ್ನ, ನಮ್ಮದೇ ನಡುಮನೆಯಲ್ಲಿ, ಸರಿಯಾಗಿ ನಾನು ಉಂಡು ಮಲಗುವ ಹೊತ್ತಿಗೆ ಶುರುವಾಗುತ್ತದಲ್ಲ, ತಕರಾರು ಅದಕ್ಕೆ. ವಾರವಿಡೀ ಪ್ರೆಸ್ಸಿನಲ್ಲಿ ಕರಡು ತಿದ್ದುವ ನನಗೆ ಆ ನಿದ್ದೆಯೊಂದೇ ಆಸ್ತಿ.

ಹಾಡುವ ಮೊದಲು ಗಂಟಲು ಕಾಯಿಸಬೇಕಂತೆ. ತುಟಿ ಅದುರಿಸಿ ‘ಬುರ್ರ್’ ಎನ್ನುವುದು, ಕೆಳಗಿನ ಸ್ವರದಿಂದ ಮೇಲಕ್ಕೆ ಜಾರುವುದು (ಆಂಬುಲೆನ್ಸ್ ಬಂತೆಂದು ಕೆಳಮನೆಯವರು ಒಮ್ಮೆ ಗೇಟು ತೆಗೆದಿಟ್ಟಿದ್ದರು), ಆಮೇಲೆ ಬಾಯಿ ಮುಚ್ಚಿ ‘ಮ್‌ಮ್’ ಎಂದು ಗುನುಗುವುದು. ಬಾಯಿ ತೆರೆದ ಮೇಲೆ ರಣರಂಗ. ನಿವೃತ್ತ ಪೋಸ್ಟ್‌ಮಾಸ್ಟರರದು ಒಂದು ದಾರಿ, ಟೈಲರ್‌ನದು ಇನ್ನೊಂದು. ನನ್ನ ನಾದಿನಿ ಎಲ್ಲರಿಗಿಂತ ಮೊದಲೇ ಹಾಡು ಮುಗಿಸಿ ಕೂತಿರುತ್ತಾಳೆ.

ಗುನುಗುವಷ್ಟು ಹೊತ್ತು ಮಾತ್ರ ಮನೆ ತಣ್ಣಗಿರುತ್ತದೆ ಎಂಬುದು ನನ್ನ ಗಮನಕ್ಕೆ ಬಂತು. ಒಂದು ಸಂಜೆ ತರಕಾರಿ ಹೆಚ್ಚುತ್ತಾ, ದೊಡ್ಡ ತಂಡಗಳೆಲ್ಲ ಅಭ್ಯಾಸದ ಮುಕ್ಕಾಲು ಪಾಲು ಬಾಯಿ ಮುಚ್ಚಿಕೊಂಡೇ ಮಾಡುತ್ತವೆ, ಗಂಟಲು ಕಾಯಿಸದೆ ಬಾಯಿ ತೆರೆಯುವುದು ಮಹಾಪರಾಧ ಎಂದು ಹೆಂಡತಿಗೆ ಗಂಭೀರವಾಗಿ ಉಪದೇಶಿಸಿದೆ. ಎಲ್ಲಿ ಓದಿದಿರಿ ಎಂದಳು. ಕರಡಿನಲ್ಲಿ ಎಂದೆ. (ಕರಡು ಯಾರ ಮನೆಯ ಕಪಾಟಿನಲ್ಲೂ ಸಿಗುವುದಿಲ್ಲ ನೋಡಿ.) ಅವಳು ಒಪ್ಪಿದಳು. ತಂಡ ಹಾಡಬೇಕಿದ್ದ ಸ್ಪರ್ಧೆ ಹತ್ತಿರ ಬಂದಿತ್ತು, ಸ್ವರ ಕೊಡುವ ಕೀಬೋರ್ಡು ಬೇರೆ ಕೆಟ್ಟು ರಿಪೇರಿಗೆ ಹೋಗಿತ್ತು. ಯಾರು ಏನು ಹೇಳಿದರೂ ಕೇಳುವ ಸ್ಥಿತಿ ಅವಳದು.

ಆ ಭಾನುವಾರ ನಡುಮನೆ ಗುಂಯ್ ಎನ್ನುತ್ತಿತ್ತು, ಒಳಗೆ ಕೋಣೆಯಲ್ಲಿ ನಾನು ಕುಂಭಕರ್ಣ. ಎದ್ದಾಗ ಆಶ್ಚರ್ಯ ಕಾದಿತ್ತು. ಅಷ್ಟೂ ಜನ ಒಂದೇ ಗಂಟಲಲ್ಲಿ ಹಾಡುತ್ತಿದ್ದರು. ಮುಂದಿನ ವಾರವೂ ಹಾಗೇ. ನಾನು ಕಾಲರ್ ಏರಿಸಿಕೊಂಡು ಓಡಾಡಿದೆ.

ಅದರ ಮುಂದಿನ ಭಾನುವಾರ ಪ್ರೆಸ್ಸಿಗೆ ಹೋಗಬೇಕಾಯಿತು. ಸಂಜೆ ಬಂದರೆ ಹೆಂಡತಿಯ ಮುಖ ಊದಿತ್ತು.

“ನೀವಿಲ್ದೆ ಹಾಡೆಲ್ಲ ಕೆಟ್ಟೋಯ್ತು ರೀ.”

ನನಗೆ ನಿಜಕ್ಕೂ ಕಣ್ಣು ತುಂಬಿತು. ಮಾರ್ಗದರ್ಶನ ಎಲ್ಲಿದ್ದರೂ ಕೊಡುತ್ತೇನೆ ಎಂದೆ.

“ಮಾರ್ಗದರ್ಶನ ಯಾರಿಗೆ ಬೇಕು? ಗೊರಕೆ ಬೇಕು.”

ಆಮೇಲೆ ವಿಷಯ ತಿಳಿಯಿತು. ಕೀಬೋರ್ಡಿಲ್ಲದೆ ಒದ್ದಾಡುತ್ತಿದ್ದವರಿಗೆ ಮಲಗುವ ಕೋಣೆಯಿಂದ ಒಂದು ಸ್ವರ ಕೇಳಿಸಿದೆ. ಅದು ಏರುವುದಿಲ್ಲ, ಇಳಿಯುವುದಿಲ್ಲ. ಪೋಸ್ಟ್‌ಮಾಸ್ಟರರು ಅದನ್ನು ಹಿಡಿದರು, ಉಳಿದವರು ಅವರನ್ನು ಹಿಡಿದರು. ಅವರೆಲ್ಲ ಬಾಯಿ ಮುಚ್ಚಿದ್ದರಿಂದಲೇ ನನ್ನ ಗೊರಕೆ ಅಷ್ಟು ಸ್ಪಷ್ಟವಾಗಿ ಕೇಳಿದ್ದಂತೆ.

ಮುಂದಿನ ವಾರ ನಡುಮನೆಯ ಮಧ್ಯೆ ಆರಾಮ ಕುರ್ಚಿ ಹಾಕಿ ನನ್ನನ್ನು ಮಲಗಿಸಿದರು. ಸುತ್ತ ನಿಂತು ಕಾದರು. ಅಷ್ಟು ಜನ ಕಣ್ಣು ಬಿಟ್ಟು ನೋಡುತ್ತಿದ್ದರೆ ಯಾರಿಗೆ ತಾನೇ ನಿದ್ದೆ ಬರುತ್ತದೆ? ಮರ್ಯಾದೆ ಉಳಿಸಿಕೊಳ್ಳಲು ಸುಳ್ಳು ಗೊರಕೆ ಹೊಡೆದೆ. ಇದು ಅರ್ಧ ಸ್ವರ ಮೇಲಿದೆ ಎಂದ ಟೈಲರ್. ಇವರು ನೇರವಾಗಿ ಶುರು ಮಾಡಿದ್ದೇ ತಪ್ಪು ಎಂದರು ಪೋಸ್ಟ್‌ಮಾಸ್ಟರರು. ಹೆಂಡತಿ ನನ್ನತ್ತ ತಿರುಗಿದಳು.

“ಹೌದಲ್ಲ. ಗಂಟಲು ಕಾಯಿಸ್ದೆ ಬಾಯಿ ತೆರೆಯೋದು ಮಹಾಪರಾಧ ಅಂತ ನೀವೇ ಹೇಳಿದ್ರಿ. ಏಳಿ, ನೆಟ್ಟಗೆ ನಿಂತ್ಕೊಳ್ಳಿ.”

ಎದ್ದು ನಿಂತೆ. ತುಟಿ ಅದುರಿಸಿದೆ, ಜಾರಿದೆ, ಬಾಯಿ ಮುಚ್ಚಿ ಗುನುಗಿದೆ. ನನ್ನ ಸರದಿ ಮುಗಿಯಲೆಂದು ಕಾಯುತ್ತಾ ನಾದಿನಿ ಸೋಫಾಕ್ಕೆ ಒರಗಿ ನಿದ್ದೆ ಹೋದಳು. ಟೈಲರ್ ಗೋಡೆಗೆ ಒರಗಿದ. ನನ್ನ ಆರಾಮ ಕುರ್ಚಿಯಲ್ಲಿ ಪೋಸ್ಟ್‌ಮಾಸ್ಟರರು ಕಾಲು ಚಾಚಿದರು. ಎಚ್ಚರವಾಗಿದ್ದವಳು ನನ್ನ ಹೆಂಡತಿಯೊಬ್ಬಳೇ, ನನ್ನ ಬೆನ್ನು ಬಾಗದಂತೆ ನೋಡಿಕೊಳ್ಳಲು.